ಹಳೇ ಚರ್ಮದ ಮೇಲೆ ಹೊಸ ಮುತ್ತಾತ

ರಾಜನಾಗಬೇಕಾದರೆ ರಾಜವಂಶದಲ್ಲಿ ಹುಟ್ಟಬೇಕು ಅಂತ ಯಾರೋ ಸುಮ್ನೆ ಹೆದರಿಸಿದ್ದಾರೆ. ಮೊದಲು ಸಿಂಹಾಸನ ಹತ್ತಿ ಕೂತುಬಿಡಿ. ವಂಶ ಆಮೇಲೆ ತಾನೇ ಹುಡುಕಿಕೊಂಡು ಬರುತ್ತದೆ. ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಒಂದನೇ ಬಸಿಲ್‌ನಿಗೆ ಬಂದದ್ದು ಹಾಗೆಯೇ.

ಇವನು ರೈತನ ಮಗ. ಕುಸ್ತಿ ಗೊತ್ತಿತ್ತು, ಕುದುರೆ ಪಳಗಿಸುವುದು ಗೊತ್ತಿತ್ತು. ಅಷ್ಟರಿಂದಲೇ ಮೂರನೇ ಮೈಕೇಲ್ ಚಕ್ರವರ್ತಿಯ ಲಾಯಕ್ಕೆ ಸೇರಿದ. 866ರಲ್ಲಿ ಸಹಚಕ್ರವರ್ತಿಯಾದ. ಮರುವರ್ಷ ಕುಡಿದು ಮಲಗಿದ್ದ ಮೈಕೇಲನ ಕಥೆ ಮುಗಿಸಿ ಪೂರ್ತಿ ಚಕ್ರವರ್ತಿಯಾದ. ಎಲ್ಲಾ ಸರಿ, ಅಪ್ಪ ಯಾರು ಅಂತ ಕೇಳಿದರೆ ಏನು ಹೇಳುವುದು?

ಆಗ ನೆರವಿಗೆ ಬಂದವನು ಫೋಟಿಯಸ್. ಮಹಾ ಪಂಡಿತ. ಬಸಿಲ್ ಪಟ್ಟಕ್ಕೆ ಬಂದ ಕೂಡಲೇ ಇವನನ್ನು ಧರ್ಮಗುರುವಿನ ಪೀಠದಿಂದ ಇಳಿಸಿದ್ದ. ಮುಂದಿನದನ್ನು ಹೇಳುವವನು ನಿಕೆತಾಸ್ ಎಂಬ ಲೇಖಕ. ಅವನಿಗೆ ಫೋಟಿಯಸ್‌ನನ್ನು ಕಂಡರಾಗದು, ಹಾಗಾಗಿ ಒಂದಿಷ್ಟು ಮಸಾಲೆ ಇರಬಹುದು. ಫೋಟಿಯಸ್ ಹಳೇ ಚರ್ಮದ ಹಾಳೆ ತಂದು, ಹಳೇ ಕಾಲದ ಲಿಪಿಯಲ್ಲಿ ಬಸಿಲ್‌ನ ವಂಶಾವಳಿ ಬರೆದನಂತೆ. ಮೂಲಪುರುಷ ಅರ್ಮೇನಿಯದ ರಾಜ ತಿರಿದಾತ್. ಅದಕ್ಕೊಂದು ಹಳೇ ಪುಸ್ತಕದ ರಟ್ಟು ಹಾಕಿ ಅರಮನೆಯ ಗ್ರಂಥಾಲಯದಲ್ಲಿ ಇಡಿಸಿದ. ಕೆಲ ದಿನಕ್ಕೆ ಅದು 'ಸಿಕ್ಕಿತು'. ಯಾರಿಗೂ ಓದಲು ಬರಲಿಲ್ಲ. ಇದನ್ನು ಓದಬಲ್ಲವನು ಒಬ್ಬನೇ, ಫೋಟಿಯಸ್! ಬರೆದವನಿಗೆ ಓದಲು ಬಾರದೆ ಇರುತ್ತದೆಯೇ ಹೇಳಿ?

ಅದರಲ್ಲಿ 'ಬೆಕ್ಲಾಸ್' ಎಂಬ ಒಗಟಿನ ಹೆಸರು ಬೇರೆ. ಬಿಡಿಸಿದರೆ ಬಸಿಲ್, ಹೆಂಡತಿ ಯೂಡೋಕಿಯಾ, ಮಕ್ಕಳಾದ ಕಾನ್‌ಸ್ಟಂಟೈನ್, ಲಿಯೋ, ಅಲೆಕ್ಸಾಂಡರ್, ಸ್ಟೀಫನ್, ಎಲ್ಲರ ಗ್ರೀಕ್ ಮೊದಲಕ್ಷರ. ರೇಷನ್ ಕಾರ್ಡಿನಲ್ಲೂ ಇಷ್ಟು ಚೊಕ್ಕವಾಗಿ ಹೆಸರು ಬರುವುದಿಲ್ಲ. 877ರಲ್ಲಿ ಫೋಟಿಯಸ್ ಮತ್ತೆ ಪೀಠದಲ್ಲಿದ್ದ.

ಐನೂರು ವರ್ಷ ಹಿಂದಿನ ಮುತ್ತಾತ ಸಿಕ್ಕಿದ. ಆದರೆ ಮನೆಯಲ್ಲೇ ಇದ್ದ ಲಿಯೋನ ಅಪ್ಪ ಯಾರು ಅನ್ನುವುದು ಬಗೆಹರಿಯಲಿಲ್ಲ. ಯಾಕೆಂದರೆ ಯೂಡೋಕಿಯಾ ಮೈಕೇಲನ ಪ್ರೇಯಸಿಯಾಗಿದ್ದಳು. ಬಸಿಲ್‌ನ ಮೊದಲ ಹೆಂಡತಿಯನ್ನು ಬಿಡಿಸಿ ಇವಳನ್ನು ಕಟ್ಟಿದವನೇ ಮೈಕೇಲ್. ಬದಲಿಗೆ ತನ್ನ ಅಕ್ಕ ಥೆಕ್ಲಾಳನ್ನು ಬಸಿಲ್‌ನಿಗೆ ಪ್ರೇಯಸಿಯಾಗಿ ಕೊಟ್ಟ. ನದಿಮೂಲ, ಋಷಿಮೂಲ ಕೇಳಬಾರದು ಅಂತಾರಲ್ಲ, ಆ ಪಟ್ಟಿಗೆ ಈ ಅರಮನೆಯನ್ನೂ ಸೇರಿಸಬೇಕು. ಬಸಿಲ್‌ನಿಗೆ ಲಿಯೋನನ್ನು ಕಂಡರಾಗುತ್ತಿರಲಿಲ್ಲ, ಪಿತೂರಿಯ ಆರೋಪ ಹೊರಿಸಿ ಸೆರೆಯಲ್ಲಿಟ್ಟಿದ್ದ. ಲಿಯೋ 886ರಲ್ಲಿ ಪಟ್ಟಕ್ಕೆ ಬಂದವನೇ ಮೈಕೇಲನ ಶವ ತರಿಸಿ ರಾಜಮರ್ಯಾದೆಯಿಂದ ಮತ್ತೆ ಸಮಾಧಿ ಮಾಡಿಸಿದ. ಊರಿನವರ ಬಾಯಿಗೆ ಇಷ್ಟು ಸಾಕಲ್ವಾ? ಅಂದಹಾಗೆ ಫೋಟಿಯಸ್‌ನನ್ನು ಮತ್ತೆ ಇಳಿಸಿ, ಆ ಪೀಠದಲ್ಲಿ ತಮ್ಮ ಸ್ಟೀಫನ್‌ನನ್ನು ಕೂರಿಸಿದವನೂ ಇವನೇ.

ಲಿಯೋನ ಮಗ ಏಳನೇ ಕಾನ್‌ಸ್ಟಂಟೈನ್. 905ರಲ್ಲಿ, ಚಕ್ರವರ್ತಿಯ ಮಕ್ಕಳು ಹುಟ್ಟಲೆಂದೇ ಇದ್ದ ಅರಮನೆಯ ನೇರಳೆ ಕಲ್ಲಿನ ಕೋಣೆಯಲ್ಲಿ ಹುಟ್ಟಿದ್ದೇ ಅವನ ದೊಡ್ಡ ಬಿರುದು. ಅಪ್ಪ ಅಮ್ಮನ ಮದುವೆ ಆದದ್ದು ಮಾತ್ರ 906ರಲ್ಲಿ. ಅದೂ ಅಪ್ಪನಿಗೆ ನಾಲ್ಕನೆಯದು; ಮೂರನೆಯದೇ ತಪ್ಪು ಅಂತ ಕಾನೂನು ಮಾಡಿದವನು ಆ ಅಪ್ಪನೇ! ಈ ಕಾನ್‌ಸ್ಟಂಟೈನ್ ಮುಂದೆ ತಾತ ಬಸಿಲ್‌ನ ಚರಿತ್ರೆ ಬರೆದ, ಅಥವಾ ಬರೆಸಿದ. ತಿರಿದಾತ್ ಸಾಲಲಿಲ್ಲವೇನೋ, ಬಸಿಲ್‌ನ ತಾಯಿಯ ಕಡೆಯಿಂದ ರೋಮನ್ ಚಕ್ರವರ್ತಿ ಮಹಾ ಕಾನ್‌ಸ್ಟಂಟೈನ್, ಜಗಜ್ಜೇತ ಅಲೆಕ್ಸಾಂಡರ್ ಇಬ್ಬರೂ ನೆಂಟರಾದರು. ಮೈಕೇಲನಿಗೆ ಸಿಕ್ಕಿದ್ದು ಕುಡುಕನೆಂಬ ಪಟ್ಟ. ಊರಿನವರ ಮಾತು ನಿಜವಾಗಿದ್ದರೆ, ಮೊಮ್ಮಗ ಸ್ವಂತ ತಾತನನ್ನು ಬೈದು, ತಾತನನ್ನು ಕೊಂದವನನ್ನು ಹೊಗಳಿದ ಪುಸ್ತಕ ಅದು.