ಪ್ರಪೋಸಲ್ ಬರೆಯೋದು ಪುಣೇರಿ ಪಾಟಿ ನೋಡಿ ಕಲೀಬೇಕು

ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಪೇಠೆ ಕಡೆ ಮನೆಗಳ ಮುಂದೆ ಪಾಟಿ, ಅಂದ್ರೆ ಬೋರ್ಡು, ಹಾಕಿರ್ತಾರೆ, ಬೆಲ್ ಒಂದೇ ಸಲ ಒತ್ತಿ ನಮಗೆ ಕಿವಿ ಕೇಳ್ಸುತ್ತೆ ಅನ್ನೋ ಧಾಟೀಲಿ. ಮೊದಮೊದಲು ಏನ್ ಜನಾನಪ್ಪ ಇವ್ರು ಅನ್ಸೋದು. ಈಗ ಅನ್ಸುತ್ತೆ, ಕಾನ್ಫರೆನ್ಸಲ್ಲಿ ಮಾತಾಡೋಕೆ ಅವಕಾಶ ಕೇಳೋ ಪ್ರಪೋಸಲ್ಲೂ ಹಿಂಗೇ ನೇರವಾಗಿರ್ಬೇಕು ಅಂತ.

ಹೋದ್ವರ್ಷ ಬೆಂಗಳೂರಿನ ಒಂದು ಓಪನ್ ಸೋರ್ಸ್ ಕಾನ್ಫರೆನ್ಸ್‌ಗೆ ಟಾಕ್ ಪ್ರಪೋಸಲ್ ಕಳ್ಸಿದ್ದೆ. ವಿಷ್ಯ ಏನಪ್ಪಾ ಅಂದ್ರೆ ನಮ್ಮ ಅರ್ಕಾವತ್ತು. ರ, ಹಲಂತ (ಅಕ್ಷರದ ಸ್ವರ ತೆಗೆಯೋ ಗುರುತು), ಯ ಅಂತ ಸಾಲಾಗಿ ಕೊಟ್ರೆ ಕಂಪ್ಯೂಟರಲ್ಲಿ ಅಕ್ಷರಗಳಿಗಿರೋ ಯೂನಿಕೋಡ್ ನಿಯಮದ ಪ್ರಕಾರ ಬರೋದು ಅರ್ಕಾವತ್ತೇ, ಅಂದ್ರೆ "ರ್ಯಾಂಕ್", ಅದೇ "ರ‍್ಯಾಂಕ್" ಬೇಕಂದ್ರೆ ರ ಆದ್ಮೇಲೆ ಹಲಂತಕ್ಕೆ ಮುಂಚೆ ಕಣ್ಣಿಗೆ ಕಾಣದ, ಅಕ್ಷರ ಹೆಂಗೆ ಕೂಡ್ಬೇಕು ಅಂತ ಹೇಳೋ ಗುರುತು, ಝಡ್‌ಡಬ್ಲ್ಯೂಜೆ ತುರುಕ್ಬೇಕು, ಒಬ್ರು ಹಿಂಗೆ ಇನ್ನೊಬ್ರು ಹಂಗೆ ಟೈಪ್ ಮಾಡಿದ್ರೆ ಎಷ್ಟೋ ಕಡೆ ಸರ್ಚ್‌ಗೂ ಸಿಗಲ್ಲ. ಒಂದು ಕೀಬೋರ್ಡ್ ಲೇಔಟ್‌ಗೆ ಇದನ್ನ ಸರಿಮಾಡೋ ಪ್ಯಾಚ್, ಅಂದ್ರೆ ಕೋಡ್ ತಿದ್ದುಪಡಿ, ಬರೆದಿದ್ದೆ. ಆದ್ರೆ ಫಾರ್ಮ್‌ನಲ್ಲಿ ಬರೆದಿದ್ದು? "ಕನ್ನಡ ಕಂಪ್ಯೂಟಿಂಗ್: ಒಂದು ಪರಿಚಯ. ನನಗೆ ತಿಳಿದಷ್ಟು ಹೇಳಲು ಪ್ರಯತ್ನಿಸುತ್ತೇನೆ." ಅದೂ ಕೊನೇ ದಿನ ರಾತ್ರಿ, ಯಾರಿಗೂ ತೋರಿಸ್ದೆ. ರಿಜೆಕ್ಟ್.

ಅಮೃತತುಲ್ಯ ಅನ್ನೋ ಇಲ್ಲಿನ ಚಾ ಅಂಗಡೀಲಿ ಚಾ ಕುಡೀತಾ ಮರಾಠಿ ಗೆಳೆಯನಿಗೆ ತೋರಿಸ್ದೆ. 2011ರಲ್ಲಿ ಪೈಥಾನ್ ಪ್ರೋಗ್ರಾಮರುಗಳ ಕಾನ್ಫರೆನ್ಸ್ ಪೈಕಾನ್ ಇಂಡಿಯಾ ಪುಣೇಲಿ ಆದಾಗ ವಾಲಂಟಿಯರ್ ಆಗಿದ್ದೋನು. ಓದಿ, "ನಕ್ಕೀ ಕಾಯ್ ಸಾಂಗಾಯ್ಚಂ ಆಹೇ ತುಲಾ?" ಅಂದ, ನಿಂಗೆ ನಿಜಕ್ಕೂ ಏನ್ ಹೇಳ್ಬೇಕಾಗಿದೆ ಅಂತ. ಹೇಳಿದ್ಮೇಲೆ ನಕ್ಕ. ಅವರಿಗೂ ಅದೇ ರಗಳೆಯಂತೆ, ದರ್ಯಾ ಅಂದ್ರೆ ಸಮುದ್ರ, ಅದೇ ರಕಾರಾನ ಇನ್ನೊಂದು ರೂಪದಲ್ಲಿ ಬರೆದ್ರೆ ಕಣಿವೆಗಳು. "ಯಾವ್ದು ಕೆಟ್ಟಿದೆ, ನೀನೇನು ರಿಪೇರಿ ಮಾಡ್ದೆ, ಮೊದಲ್ನೇ ಸಾಲಲ್ಲೇ ಹಾಕು, ಪರಿಚಯ ಯಾರಿಗೆ ಬೇಕು?"

ಈ ಪುಣೆಯೋರು ಡ್ರಾಫ್ಟನ್ನ ಗುಂಪಲ್ಲಿ ಹಂಚ್ತಾರೆ, ನಾಲ್ಕು ಜನ ಹರಿದು ಹಾಕ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ. ನಾವು ಕನ್ನಡದೋರು? ರಿಜೆಕ್ಟ್ ಆದ್ರೆ ಮರ್ಯಾದೆ ಹೋಗುತ್ತೆ ಅಂತ ಹೆಂಡ್ತಿಗೂ ಹೇಳಲ್ಲ. "ನಾನು" ಅಂದ ಕೂಡ್ಲೇ ಜಂಬ ಅಂದ್ಕೊಂಡಾರು ಅನ್ನೋ ಭಯ. ರಾಶಿ ಪ್ರಪೋಸಲ್ ಮುಂದಿಟ್ಕೊಂಡಿರೋ ರಿವ್ಯೂವರ್‌ಗೆ, ಅದ್ರಲ್ಲೂ ಹೆಸರು ಮುಚ್ಚಿ ಓದೋ ಕಡೆ, ಇದು ವಿನಯ ಅಂತ ಹೆಂಗ್ ಗೊತ್ತಾಗ್ಬೇಕು, ವಿಷ್ಯ ಇಲ್ಲ ಅಂತಾನೇ ಅನ್ಸುತ್ತೆ. ಹಂಗಂತ ಇವ್ರದ್ದೆಲ್ಲ ಸರಿ ಅಂತಲ್ಲ, ನನ್ ಗೆಳೆಯನ ಪ್ರಪೋಸಲ್‌ನಲ್ಲಿ ಯಾರ್ಯಾರು ಬರಬಾರ್ದು ಅನ್ನೋ ಪಟ್ಟಿನೇ ಅರ್ಧ ಪುಟ ಇತ್ತು.

ಈ ಸಲದ ಟೈಟಲ್ "ರ‍್ಯಾಂಕ್ ಹುಡುಕಿದ್ರೆ ಯಾಕೆ ಸಿಗಲ್ಲ?" ಕೆಳಗೆ ಪ್ಯಾಚ್ ಲಿಂಕು. ಡೆಡ್‌ಲೈನ್‌ಗೆ ಇನ್ನೂ ಹತ್ತು ದಿನ ಇದೆ, ನಾಲ್ಕು ಜನಕ್ಕೆ ಕಳ್ಸಿದೀನಿ. ಮೊದಲ್ನೇ ಸಾಲಿನ "ಎಲ್ಲರಿಗೂ ನಮಸ್ಕಾರ" ತೆಗಿ ಅಂತ ನಾಲ್ಕೂ ಜನ ಅಂದ್ರು. ಅದೊಂದು ಮಾತ್ರ ತೆಗ್ದಿಲ್ಲ.