ಅಪ್ಪ 77 ದಿನ ಮುಷ್ಕರ ಮಾಡಿದ್ದರು

ನಿನ್ನೆ ಬಸವನಗುಡಿಯಲ್ಲಿ ಒಂದು ಸಭೆಗೆ ಹೋಗಿದ್ದೆ. ಇಪ್ಪತ್ತೆರಡರ ಹುಡುಗನೊಬ್ಬ ಮೈಕ್ ಹಿಡಿದು, ಸೋವಿಯತ್ ರಷ್ಯಾದಲ್ಲಿ ಕಾರ್ಮಿಕರೇ ರಾಜರಾಗಿದ್ದರು, ಬೇರೆ ಏನು ಕೇಳಿದ್ದರೂ ಅದು ಅಮೆರಿಕ ಹಬ್ಬಿಸಿದ ಸುಳ್ಳು ಅಂದ. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ರಾತ್ರಿ ನಿದ್ದೆಯೂ ಬರಲಿಲ್ಲ.

ನಮ್ಮಪ್ಪ ಯೂನಿಯನ್ ಮನುಷ್ಯ. 1980ರ ಕೊನೆಯಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಯಿತು. 77 ದಿನ ನಡೆಯಿತು. 77 ದಿನವೂ ಸಂಬಳ ಇಲ್ಲ. ಅಮ್ಮನ ಬಳೆ ಗಿರವಿ ಅಂಗಡಿ ಸೇರಿತು. ಶೆಟ್ಟರ ಅಂಗಡಿಯಿಂದ ಅಕ್ಕಿ ಸಾಲ ತರೋಕೆ ನನ್ನನ್ನೇ ಕಳಿಸುತ್ತಿದ್ದರು. ಅವರು ಪುಸ್ತಕದಲ್ಲಿ ಬರೆದುಕೊಳ್ಳುವಾಗ ನಾನು ಚೀಲದ ಹಿಡಿ ತಿರುಚುತ್ತಾ ನೆಲ ನೋಡುತ್ತಿದ್ದೆ. ಅಪ್ಪ ಮಾತ್ರ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟ್ ಹತ್ತಿರ ಘೋಷಣೆ ಕೂಗೋಕೆ ಹೋಗುತ್ತಿದ್ದರು. ಮುಷ್ಕರ ಮುಗಿದ ಮೇಲೆ ಅದೇ ಗೇಟಿನೊಳಗೆ ಕೆಲಸಕ್ಕೆ ಹೋದರು.

ಈಗ ಇದನ್ನು ಕೇಳಿ. 1962ರ ಜೂನ್, ರಷ್ಯಾದ ನೊವೊಚೆರ್ಕಾಸ್ಕ್. ಅಲ್ಲಿನ ರೈಲು ಇಂಜಿನ್ ಕಾರ್ಖಾನೆಯವರಿಗೆ ಕೂಲಿ ಇಳಿದಿತ್ತು. ಅದೇ ಹೊತ್ತಿಗೆ ಸರ್ಕಾರ ಮಾಂಸ, ಬೆಣ್ಣೆಯ ಬೆಲೆ ಏರಿಸಿತು. ಕೆಲಸಗಾರರು ಹೊರಗೆ ಬಂದರು. ಮರುದಿನ ಕೆಂಪು ಬಾವುಟ, ಲೆನಿನ್ ಚಿತ್ರ ಹಿಡಿದುಕೊಂಡೇ ಊರೊಳಗೆ ಮೆರವಣಿಗೆ ಹೋದರು. ಅವರ ಮೇಲೆ ಸರ್ಕಾರದ ಸೈನಿಕರೇ ಗುಂಡು ಹಾರಿಸಿದರು. 26 ಜನ ಸತ್ತರು. ಹೆಣಗಳನ್ನು ಮನೆಯವರಿಗೂ ಕೊಡದೆ ಎಲ್ಲೆಲ್ಲೋ ಗುಟ್ಟಾಗಿ ಹೂತರು. ಆಮೇಲೆ 7 ಜನರಿಗೆ ಮರಣದಂಡನೆ ಕೊಟ್ಟರು. ಎಷ್ಟೋ ವರ್ಷ ಇದನ್ನು ಬಾಯಿ ಬಿಟ್ಟು ಹೇಳುವ ಹಾಗೂ ಇರಲಿಲ್ಲ.

ಕಾರ್ಖಾನೆ ಕಾರ್ಮಿಕರದ್ದು, ಪಕ್ಷ ಕಾರ್ಮಿಕರದ್ದು, ಸರ್ಕಾರವೂ ಕಾರ್ಮಿಕರದ್ದೇ. ಹಾಗಾದರೆ ಕೂಲಿ ಕಡಿಮೆಯಾದಾಗ ಕಾರ್ಮಿಕ ಯಾರ ಹತ್ತಿರ ಜಗಳ ಆಡಬೇಕು? ನಮ್ಮಪ್ಪ ಅಲ್ಲಿ ಹುಟ್ಟಿದ್ದರೆ ಏನಾಗುತ್ತಿದ್ದರು?

ಕೇರಳ ನೋಡಿ ಅನ್ನುತ್ತಾರೆ. ನೋಡಿದ್ದೇನೆ. 1957ರಲ್ಲಿ ಬಂದ ಇಎಂಎಸ್ ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಗೇಣಿದಾರರನ್ನು ಒಕ್ಕಲೆಬ್ಬಿಸುವುದನ್ನು ತಡೆಯಿತು. ತುಂಬಾ ಒಳ್ಳೆಯ ಕೆಲಸ. ಆದರೆ ಅಲ್ಲಿ ಜನ ಬೇಕೆಂದಾಗ ವೋಟು ಹಾಕಿ ಕೂರಿಸಿದ್ದಾರೆ, ಬೇಡವೆಂದಾಗ ಇಳಿಸಿದ್ದಾರೆ. ನೊವೊಚೆರ್ಕಾಸ್ಕ್‌ನವರಿಗೆ ಇಲ್ಲದೇ ಇದ್ದದ್ದು ಅದೇ ಅಲ್ವಾ?

ಒಂದು ಸಲ ಇದನ್ನೆಲ್ಲ ಅಪ್ಪನ ಮುಂದೆ ಕೂಗಾಡಿಬಿಟ್ಟಿದ್ದೆ. ಹಾಗೆ ಕೂಗಬಾರದಿತ್ತು. ಅವರು ವಾದ ಮಾಡಲಿಲ್ಲ. "ಸತ್ತವರೂ ನಮ್ಮಂಥವರೇ ಅಲ್ವೇನೋ" ಅಂದು ಸುಮ್ಮನಾದರು. ಅಪ್ಪ ಹಿಡಿದ ಬಾವುಟದ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ. ಆ 26 ಜನ ಸತ್ತಿದ್ದೇ ಸುಳ್ಳು ಅಂದರೆ ಮಾತ್ರ ತಡೆಯೋಕೆ ಆಗುವುದಿಲ್ಲ.

ಸಭೆ ಮುಗಿದ ಮೇಲೆ ಆ ಹುಡುಗನಿಗೆ ನೊವೊಚೆರ್ಕಾಸ್ಕ್ ಅಂತ ಊರಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. "ಓದಿಕೊಂಡು ಬಾ ಮರಿ, ಮುಂದಿನ ಭಾನುವಾರ ಮಾತಾಡೋಣ" ಅಂದೆ. ಮಡಚಿ ಜೇಬಿಗೆ ಹಾಕಿಕೊಂಡ.