ಲಾಗಿನ್ ಪರದೆ ಬಂತಲ್ಲ, ಮತ್ತೇಕೆ ಫಾರ್ಮ್ಯಾಟು?

ಇವತ್ತೂ ಅದೇ ಮಾತು ಕಿವಿಗೆ ಬಿತ್ತು. ‘ಅಪ್‌ಡೇಟ್ ಆದ್ಮೇಲೆ ಲಾಗಿನ್‌ನಲ್ಲೇ ಹ್ಯಾಂಗ್ ಆಗ್ತಿದ್ಯಾ? ಫಾರ್ಮ್ಯಾಟ್ ಮಾಡ್ಬಿಡಿ, ಅರ್ಧ ಗಂಟೆ ಕೆಲಸ.’ ನೆಗಡಿ ಅಂತ ಮೂಗು ಕೊಯ್ಯುವ ಈ ವೈದ್ಯರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೋ! ಉಬುಂಟು (ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ಬಳಸುವವರಿಗಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಪಾಸ್‌ವರ್ಡ್ ಕೇಳುವ ಪರದೆ ಬಂದಿದೆ ಅಂದರೇನು? ಸಿಸ್ಟಮನ್ನು ಎಬ್ಬಿಸುವ ಬೂಟ್‌ಲೋಡರ್ ಸರಿಯಿದೆ, ಸಿಸ್ಟಮ್ಮಿನ ತಿರುಳಾದ ಕರ್ನಲ್ ಎದ್ದಿದೆ, ಡಿಸ್ಕ್ ಓದಲು ಸಿಕ್ಕಿದೆ, ಹಿನ್ನೆಲೆಯ ಸೇವೆಗಳು ಸಾಲಾಗಿ ಶುರುವಾಗಿವೆ. ಎಡವಿರುವುದು ಹೊಸ್ತಿಲಲ್ಲಿ. ಅದಕ್ಕೆ ಮನೆ ಕೆಡವುವುದೇ?

ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಬದುಕಿದೆ, ಸತ್ತಿರುವುದು ಚಿತ್ರ ಮಾತ್ರ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯೂ ಬೇಕು). ಕಪ್ಪು ಪರದೆಯಲ್ಲಿ ಅಕ್ಷರದ ಲಾಗಿನ್ ಬರುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣುವುದಿಲ್ಲ; ಕೀಬೋರ್ಡೂ ಕೆಟ್ಟಿತು ಅಂತ ಕೈ ಬಿಡುವವರು ಇದ್ದಾರೆ, ಸುಮ್ಮನೆ ಹೊಡೆದು ಎಂಟರ್ ಒತ್ತಿ. ಇಲ್ಲಿ ಒಳಗೆ ಹೋದಿರೆಂದರೆ ನಿಮ್ಮ ಫೈಲುಗಳೆಲ್ಲ ಕೈಯಲ್ಲಿವೆ. ಇನ್ನು ಆತುರವೇನಿಲ್ಲ. (ಕೆಳಗಿನ ಕಮಾಂಡುಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪಿಸಬೇಕು; ‘200ಎಂ’ನಲ್ಲಿರುವ ಎಂ ಮಾತ್ರ ದೊಡ್ಡಕ್ಷರ. ನನಗೂ ಇವೆಲ್ಲ ಬಾಯಿಪಾಠ ಇಲ್ಲ, ಚೀಟಿ ಇಟ್ಟುಕೊಂಡೇ ಹೊಡೆಯುವುದು.)

ಮೊದಲ ಕಮಾಂಡ್ ‘ಡಿಎಫ್ -ಎಚ್’. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ಹೇಳುತ್ತದೆ. ರೂಟ್ ವಿಭಾಗ (ಸಿಸ್ಟಮ್ ಕೂತಿರುವ ಜಾಗ, ‘/’ ಗುರುತಿನ ಸಾಲು) ಶೇ. 100 ತೋರಿಸಿದರೆ ಕಳ್ಳ ಅಲ್ಲೇ ಸಿಕ್ಕ. ಎಕ್ಸ್‌ಟಿ4 ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿ) ಮಾಮೂಲಾಗಿ ಶೇ. 5ರಷ್ಟು ಜಾಗವನ್ನು ರೂಟ್‌ಗೆಂದು, ಅಂದರೆ ಸಿಸ್ಟಮ್ಮಿನ ಯಜಮಾನ ಖಾತೆಗೆಂದು, ಎತ್ತಿಟ್ಟಿರುತ್ತದೆ. ಹಾಗಾಗಿ ರೂಟ್ ಹೆಸರಲ್ಲಿ ಓಡುವ ಸೇವೆಗಳೆಲ್ಲ ನೆಟ್ಟಗಿರುತ್ತವೆ, ನಿಮ್ಮ ಖಾತೆಗೆ ಮಾತ್ರ ಒಂದು ಬೈಟ್ ಬರೆಯಲೂ ಜಾಗವಿರುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಸೆಷನ್ ಶುರುವಾಗದೆ ತಿರುಗಿ ಲಾಗಿನ್‌ಗೇ ಬಂದು ಬೀಳುತ್ತೀರಿ. ‘ಸುಡೊ ಆಪ್ಟ್ ಕ್ಲೀನ್’ (ಸುಡೊ ಅಂದರೆ ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ) ಹಾಕಿದರೆ ಇಳಿಸಿಕೊಂಡ ಪ್ಯಾಕೇಜುಗಳು ಹೋಗುತ್ತವೆ; ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಹಾಕಿದರೆ ಹಳೆಯ ಲಾಗ್ ಕರಗುತ್ತದೆ.

ಜಾಗ ಇದೆಯೇ? ಹಾಗಾದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿರಬಹುದು. ನಡುವೆ ಕರೆಂಟು ಹೋಗಿರುತ್ತದೆ, ಇಲ್ಲವೇ ತಾಳ್ಮೆಗೆಟ್ಟು ಯಾರೋ ಪವರ್ ಬಟನ್ ಒತ್ತಿರುತ್ತಾರೆ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಅದಾದ ಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಅದು ನಡೆಯುತ್ತಿರುವಾಗ ಮತ್ತೆ ಪವರ್ ಬಟನ್ ಮುಟ್ಟಿದರೆ ಮಾತ್ರ ನನ್ನನ್ನು ಕೇಳಬೇಡಿ.

ಇನ್ನು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದವರು. ಇವರ ಕಥೆ ಉದ್ದ. ಆ ಡ್ರೈವರ್ ಕರ್ನಲ್ ಜೊತೆಗೇ ಬರುವುದಿಲ್ಲ, ಪ್ರತಿ ಹೊಸ ಕರ್ನಲ್‌ಗೂ ಅದರ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ತುಂಡು) ಬೇರೆಯೇ ಬೇಕು. ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಕಟ್ಟಿಕೊಡುವ ಸಾಧನ) ಮೂಲಕ ಹಾಕಿಕೊಂಡಿದ್ದರೆ ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಕಟ್ಟುವುದಕ್ಕೆ ಬೇಕಾದ ಫೈಲುಗಳು) ಇರಲೇಬೇಕು; ಅದಿಲ್ಲದಿದ್ದರೆ ಮಾಡ್ಯೂಲ್ ತಯಾರಾಗುವುದೇ ಇಲ್ಲ. ‘ಯುನೇಮ್ -ಆರ್’ ಈಗ ಓಡುತ್ತಿರುವ ಕರ್ನಲ್ ಹೇಳುತ್ತದೆ, ‘ಡಿಕೆಎಂಎಸ್ ಸ್ಟೇಟಸ್’ ಯಾವ ಕರ್ನಲ್‌ಗೆ ಮಾಡ್ಯೂಲ್ ಇದೆ ಅಂತ ಹೇಳುತ್ತದೆ. ಎರಡೂ ತಾಳೆಯಾಗದಿದ್ದರೆ ಹೆಡರ್ ಹಾಕಿ ‘ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಡಿ. ನೆಟ್ ಬೇಕಾದರೆ ಮೊಬೈಲನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ. ಮಾಡ್ಯೂಲ್ ಇದ್ದೂ ಲೋಡ್ ಆಗುತ್ತಿಲ್ಲವಾದರೆ ಬೂಟ್ ಆಗುವಾಗ ಸಹಿ ಪರೀಕ್ಷಿಸುವ ಸೆಕ್ಯೂರ್ ಬೂಟ್ ಕಡೆ ನೋಡಿ; ಸಹಿ ಇಲ್ಲದ ಮಾಡ್ಯೂಲನ್ನು ಅದು ಒಳಗೆ ಬಿಡುವುದಿಲ್ಲ. ಅಪ್‌ಡೇಟ್ ವೇಳೆ ಒಂದು ಪಾಸ್‌ವರ್ಡ್ ಕೊಡಿ ಅಂತ ಕೇಳಿತ್ತಲ್ಲ? ರೀಬೂಟ್ ಆದಾಗ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮೋಕ್’ ಆರಿಸಿ ಕೊಡಬೇಕಾದದ್ದು ಅದನ್ನೇ. ಆ ಪರದೆ 10 ಸೆಕೆಂಡ್ ಕಾದು ತನ್ನ ಪಾಡಿಗೆ ಹೋಗುತ್ತದೆ. ಅಷ್ಟರಲ್ಲಿ ನಾವು ಕಾಫಿಗೆ ಎದ್ದು ಹೋಗಿರುತ್ತೇವೆ!

ಎಫ್3ಗೂ ಜಗ್ಗದಿದ್ದರೆ? ಆಗಲೂ ಬಟನ್ ಅದುಮಿ ಹಿಡಿಯಬೇಡಿ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು ಒತ್ತಿ: ಡೇಟಾ ಡಿಸ್ಕಿಗೆ ಬರೆ, ಡಿಸ್ಕನ್ನು ಓದಲಷ್ಟೇ ಬಿಡು, ರೀಬೂಟ್ ಮಾಡು. ಆರ್, ಇ, ಐ ಕೂಡ ಸೇರಿಸಿ ಹೇಳುವವರಿದ್ದಾರೆ; ಉಬುಂಟುವಿನಲ್ಲಿ ಈ ಕೀಲಿಗಳಿಗೆ ಅನುಮತಿ ಕೊಡುವ ಸೆಟ್ಟಿಂಗಿನ ಮಾಮೂಲಿ ಮೌಲ್ಯ 176, ಈ ಆರರಲ್ಲಿ ಅದು ಒಪ್ಪುವುದು ಎಸ್, ಯು, ಬಿ ಮೂರನ್ನೇ. ಮತ್ತೆ ಎದ್ದೇಳುವಾಗ ಎಸ್ಕೇಪ್ (ಹಳೆಯ ಬಯಾಸ್ ಆದರೆ ಶಿಫ್ಟ್) ಒತ್ತಿ ಗ್ರಬ್ ಎಂಬ ಬೂಟ್‌ಲೋಡರಿನ ಮೆನು ತರಿಸಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಲಾಗಿನ್ ಆದರೆ ತಪ್ಪು ಹೊಸ ಕರ್ನಲ್‌ನದು, ಇಲ್ಲವೇ ಅದಕ್ಕೆ ಸಿಗದ ಡ್ರೈವರಿನದು. ಆಗದಿದ್ದರೆ ಮೆನುವಿನಲ್ಲೇ ಇ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ (ಗ್ರಾಫಿಕ್ಸ್ ಡ್ರೈವರನ್ನು ಪಕ್ಕಕ್ಕಿಟ್ಟು ಸರಳ ಚಿತ್ರದಲ್ಲಿ ಏಳು ಅಂತ) ಸೇರಿಸಿ ಎಫ್10 ಒತ್ತಿ. ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಹಾಳಾಗುವಂಥದ್ದೇನಿಲ್ಲ.

ಇದೆಲ್ಲ ಸರಿಯಿದ್ದೂ ಡೆಸ್ಕ್‌ಟಾಪ್ ಬರುತ್ತಿಲ್ಲವೇ? ‘ಸುಡೊ ಆಡ್‌ಯೂಸರ್’ ಮುಂದೆ ಒಂದು ಹೊಸ ಹೆಸರು ಕೊಟ್ಟು ಹೊಸ ಖಾತೆ ತೆರೆಯಿರಿ. ಅದರಲ್ಲಿ ಸಲೀಸಾಗಿ ಲಾಗಿನ್ ಆದರೆ ಸಿಸ್ಟಮ್ ಗಟ್ಟಿಯಿದೆ, ಹುಳುಕು ನಿಮ್ಮ ಹೋಮ್ ಫೋಲ್ಡರಿನಲ್ಲಿದೆ. ಅಲ್ಲಿ ಮೊದಲ ಆರೋಪಿ ಗ್ನೋಮ್ ಎಕ್ಸ್‌ಟೆನ್ಷನ್‌ಗಳು (ಗ್ನೋಮ್ ಎಂಬ ಡೆಸ್ಕ್‌ಟಾಪಿಗೆ ನಾವು ಅಂಟಿಸಿಕೊಂಡ ಹೆಚ್ಚುವರಿಗಳು): ಗ್ನೋಮ್ ಆವೃತ್ತಿ ಏರಿದಾಗ ಹಳೆಯವು ಕೈಕೊಡುತ್ತವೆ. ‘.ಲೋಕಲ್/ಶೇರ್/ಗ್ನೋಮ್-ಶೆಲ್’ ಒಳಗಿನ ಎಕ್ಸ್‌ಟೆನ್ಷನ್ಸ್ ಫೋಲ್ಡರಿನ ಹೆಸರು ಬದಲಿಸಿ ನೋಡಿ, ಅಳಿಸುವುದೂ ಬೇಡ.

‘ಇಷ್ಟೆಲ್ಲ ಹೊಡೆದಾಡುವ ಬದಲು ಫಾರ್ಮ್ಯಾಟೇ ಬೇಗ ಅಲ್ಲವೇ?’ ಅನ್ನುತ್ತೀರಿ, ಗೊತ್ತು. ಹೌದು ಸ್ವಾಮಿ, ಇನ್‌ಸ್ಟಾಲ್ ಮಾಡಲು ಅರ್ಧ ಗಂಟೆ. ಆಮೇಲೆ ಪ್ರಿಂಟರು, ಫಾಂಟು, ಕನ್ನಡ ಕೀಬೋರ್ಡ್, ಬ್ರೌಸರ್ ಸೆಟ್ಟಿಂಗು, ಮೇಲ್ ಖಾತೆ ಎಲ್ಲ ಹೊಂದಿಸುವುದಕ್ಕೆ ಲೆಕ್ಕ ಇಟ್ಟವರು ಯಾರು? ಜೊತೆಗೆ ಅದೇ ಕಾರ್ಡಿಗೆ ಅದೇ ಡ್ರೈವರ್ ಹಾಕಿ, ಅದೇ ಅಪ್‌ಡೇಟ್ ಕೊಟ್ಟರೆ ಮತ್ತದೇ ಲಾಗಿನ್ ಪರದೆ ಎದುರಿಗೆ ಕೂತಿರುತ್ತೀರಿ.

ವಿಂಡೋಸ್‌ನವರು ನಗಬೇಕಿಲ್ಲ. ನಿಮಗೂ ಲಾಗಿನ್ ಪರದೆಯ ಪವರ್ ಚಿಹ್ನೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ರಿಪೇರಿ ಮೆನು ಸಿಗುತ್ತದೆ. ಅಲ್ಲಿ ಇತ್ತೀಚಿನ ಕ್ವಾಲಿಟಿ ಅಪ್‌ಡೇಟನ್ನಷ್ಟೇ ತೆಗೆಯಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಇದ್ದರೆ 48 ಅಂಕಿಯ ರಿಕವರಿ ಕೀಲಿ ಮಾತ್ರ ಮೊದಲೇ ಹುಡುಕಿಟ್ಟುಕೊಳ್ಳಿ.

ಅಷ್ಟಾಗಿಯೂ ಫಾರ್ಮ್ಯಾಟೇ ಬೇಕು ಅನ್ನುವವರು ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ ಹೋಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳು ಕಾಣಲು ಕಂಟ್ರೋಲ್ ಎಚ್ ಒತ್ತಬೇಕು, ಸೆಟ್ಟಿಂಗುಗಳೆಲ್ಲ ಇರುವುದು ಅಲ್ಲೇ.